ಐಸಕ್ಕನ ಸತ್ತ ಸೀಸೆಗಳು

ಮೊದಲ ಮಾತುಕತೆ ನಿಗದಿಯಾಗಲು ಮೂರು ದೂರವಾಣಿ ಕರೆಗಳು ಬೇಕಾದವು. ಅಂತರರಾಷ್ಟ್ರೀಯ ಪರಿಹಾರ ಸಂಸ್ಥೆಯೊಂದರಲ್ಲಿ ದುಡಿದು ನಿವೃತ್ತರಾದವರ ಸಂಘ ತನ್ನ ಸದಸ್ಯರ ನೆನಪುಗಳ ಸಂಗ್ರಹಕ್ಕಾಗಿ ನನಗೊಂದು ಪಟ್ಟಿಯನ್ನು ಕೊಟ್ಟಿತ್ತು. ವೈದ್ಯರು, ಎಂಜಿನಿಯರುಗಳು, ದುಭಾಷಿಗಳು, ಶಿಬಿರ ವ್ಯವಸ್ಥಾಪಕರು ಎಂಬ ತಲೆಬರಹಗಳ ಕೆಳಗೆ ನಲವತ್ತೆರಡು ಹೆಸರುಗಳಿದ್ದವು. ಕೊನೆಯ ಹಾಳೆಯಲ್ಲಿ ‘ಇತರೆ’ ಎಂದು ಬರೆದು ಅದರ ಕೆಳಗೆ ಒಬ್ಬರನ್ನಷ್ಟೇ ಸೇರಿಸಿದ್ದರು. ಪಕ್ಕದಲ್ಲಿ ಯಾರೋ ಪೆನ್ಸಿಲಿನಿಂದ ‘ಇವರೇ ಐಸಕ್ಕ. ಬಿಡಬೇಡಿ’ ಎಂದು ಗೀಚಿದ್ದರು.

ಮೊದಲ ಕರೆಯನ್ನು ಅವರ ಯಜಮಾನರು ಎತ್ತಿಕೊಂಡರು. ಅದೇ ಸಂಸ್ಥೆಯಲ್ಲಿ ಇಪ್ಪತ್ತಾರು ವರ್ಷ ಚಾಲಕರಾಗಿದ್ದವರು.

“ಯಾರು? ಫ್ರಿಜ್ ಕೆಟ್ಟಿದ್ಯಾ?”

“ಇಲ್ಲ, ನಿಮ್ಮ ಮನೆಯವರ ಜೀವನದ ಬಗ್ಗೆ ಸ್ವಲ್ಪ ಕೇಳಬೇಕಿತ್ತು.”

“ಜೀವನ ಚೆನ್ನಾಗೇ ಓಡ್ತಿದೆ. ಅದಕ್ಕೆ ರಿಪೇರಿ ಏನೂ ಬೇಡ,” ಎಂದು ಫೋನ್ ಇಟ್ಟರು.

ಎರಡನೆಯ ಸಲ ಕರೆದಾಗ ಅವರು ವಿಷಯವನ್ನು ಪೂರ್ತಿ ಕೇಳಿಸಿಕೊಂಡು, “ಅವಳನ್ನೇ ಕೇಳಿ, ಮನೇಲಿ ನನ್ನ ಮಾತು ಎಲ್ಲಿ ನಡೆಯುತ್ತೆ?” ಎಂದರು. ಮೂರನೆಯ ಸಲ ಐಸಕ್ಕನೇ ಮಾತನಾಡಿದರು. “ಮಂಗಳವಾರ ಬೆಳಿಗ್ಗೆ ಹತ್ತಕ್ಕೆ ಬನ್ನಿ. ಆದರೆ ಸುಮ್ನೆ ಕೂತ್ಕೊಂಡು ಮಾತಾಡೋದು ನನಗೆ ಬರಲ್ಲ. ಕೈ ಕೆಲಸ ಮಾಡ್ತಿದ್ರೆ ಬಾಯಿ ತಾನಾಗೇ ಓಡುತ್ತೆ. ಪರವಾಗಿಲ್ವಾ?”

ಪರವಾಗಿಲ್ಲವೆಂದೆ. ಹೀಗೆ ೨೦೧೮ರ ಜುಲೈ ಮೂರರಂದು ಆರಂಭವಾದ ಮಾತುಕತೆ ಏಳು ಮಂಗಳವಾರಗಳವರೆಗೆ ನಡೆಯಿತು. ಒಟ್ಟು ಹದಿನಾಲ್ಕು ಗಂಟೆಗಳ ಧ್ವನಿಮುದ್ರಣವಿದೆ. ಅದರಲ್ಲಿ ಸುಮಾರು ಎರಡು ಗಂಟೆ ಬರೀ ಕಂಪ್ರೆಸರಿನ ಸದ್ದು.

ಅವರ ಮನೆಯ ಮುಂದಿನ ಕೋಣೆಯೇ ಕಾರ್ಯಾಗಾರ. ಬಾಗಿಲಿಗೆ ಬೆನ್ನು ಮಾಡಿ ನಾಲ್ಕು ಫ್ರಿಜ್ಜುಗಳು ನಿಂತಿದ್ದವು. ಗೋಡೆಗೆ ಹೊಡೆದ ಮೊಳೆಗಳಲ್ಲಿ ತಾಮ್ರದ ಕೊಳವೆಗಳನ್ನು ಅಳತೆಯ ಪ್ರಕಾರ ಸುರುಳಿ ಸುತ್ತಿ ತೂಗುಹಾಕಿದ್ದರು. ಸ್ಕ್ರೂಗಳೆಲ್ಲ ಔಷಧಿ ಡಬ್ಬಿಗಳಲ್ಲಿ ಇದ್ದವು. ಒಂದೊಂದು ಡಬ್ಬಿಯ ಮುಚ್ಚಳದ ಮೇಲೂ ಒಳಗಿರುವ ಬಗೆಯ ಒಂದು ಸ್ಕ್ರೂವನ್ನು ಅಂಟಿಸಿದ್ದರು. ಓದದೆಯೇ ಗುರುತು ಹಿಡಿಯಲು ಮಾಡಿಕೊಂಡ ವ್ಯವಸ್ಥೆ ಅದು. ಐಸಕ್ಕ ಏಳನೆಯ ತರಗತಿಯವರೆಗೆ ಮಾತ್ರ ಓದಿದವರು.

ಅವರ ತಂದೆ ಫ್ರಿಜ್ ರಿಪೇರಿಯ ಮೇಸ್ತ್ರಿ. ತಂದೆಯ ಎಡಗಿವಿ ಹುಟ್ಟಿನಿಂದಲೇ ಮಂದ, ವಯಸ್ಸಾದಂತೆ ಬಲಗಿವಿಯೂ ಕೈಕೊಟ್ಟಿತು. ಯಂತ್ರದ ರೋಗವನ್ನು ಅರ್ಧದಷ್ಟು ಸದ್ದಿನಿಂದಲೇ ಗುರುತಿಸುವ ಕಸುಬಿನಲ್ಲಿ ಇದು ದೊಡ್ಡ ಕೊರತೆ. ಆದ್ದರಿಂದ ಎಂಟು ವರ್ಷದ ಮಗಳನ್ನು ಫ್ರಿಜ್ಜಿನ ಹಿಂದೆ ಕೂರಿಸಿ, ಅವಳು ಕೇಳಿಸಿಕೊಂಡದ್ದನ್ನು ಬಾಯಿಯಿಂದ ಮಾಡಿ ತೋರಿಸಲು ಹೇಳುತ್ತಿದ್ದರು. “ಗರ್ ಅಂದ್ರೆ ಒಂದು ಕಾಯಿಲೆ, ಟಕ್ ಟಕ್ ಅಂದ್ರೆ ಇನ್ನೊಂದು, ಗಂಟಲು ಕಟ್ಟಿದ ಹಾಗೆ ಹೂಂ ಅಂದ್ರೆ ಮತ್ತೊಂದು,” ಎನ್ನುತ್ತಾ ಐಸಕ್ಕ ಮೂರು ಸದ್ದುಗಳನ್ನೂ ಮಾಡಿದರು. ಒಳಗಿನ ಕೋಣೆಯಿಂದ ಯಜಮಾನರ ದನಿ ಬಂತು: “ನಾಲ್ಕನೇದು ಗೊರಕೆ. ಅದನ್ನೂ ಮಾಡಿ ತೋರಿಸು.” “ಅದು ನಿಮ್ಮ ಮಾಡೆಲ್ಲು. ಅದಕ್ಕೆ ರಿಪೇರಿ ಇಲ್ಲ,” ಎಂದು ಇವರು ಕೊಳವೆಯಿಂದ ಕಣ್ಣು ತೆಗೆಯದೆಯೇ ಉತ್ತರಿಸಿದರು.

ಮದುವೆಯ ವಿಚಾರವನ್ನು ನಾನು ಕೇಳಿರಲಿಲ್ಲ, ತಾವಾಗಿಯೇ ಹೇಳಿದರು. ಚಾಲಕರು ಯಾರದೋ ಫ್ರಿಜ್ಜನ್ನು ವ್ಯಾನಿನಲ್ಲಿ ಅಡ್ಡ ಮಲಗಿಸಿಕೊಂಡು ತಂದರಂತೆ. ಹಾಗೆ ಮಲಗಿಸಿದರೆ ಎಣ್ಣೆ ಕೊಳವೆಗೆ ಇಳಿದು ಯಂತ್ರ ಕೆಡುತ್ತದೆ. ಇಪ್ಪತ್ತೊಂದರ ಈ ಹುಡುಗಿ ಬೀದಿಯಲ್ಲೇ ಅವರನ್ನು ತರಾಟೆಗೆ ತೆಗೆದುಕೊಂಡಳು. ಮರುವಾರ ಅವರು ಇನ್ನೊಂದು ಫ್ರಿಜ್ ತಂದರು. ಅದನ್ನು ನೆಟ್ಟಗೆ ನಿಲ್ಲಿಸಿ, ಹಗ್ಗ ಬಿಗಿದು, ಮೇಲೊಂದು ಕಂಬಳಿ ಬೇರೆ ಹೊದಿಸಿದ್ದರು. “ಆ ಫ್ರಿಜ್‌ನಲ್ಲಿ ಯಾವ ಕಾಯಿಲೆನೂ ಇರಲಿಲ್ಲ,” ಎಂದರು ಐಸಕ್ಕ.

೧೯೯೧ರಲ್ಲಿ ನದಿಯಾಚೆಯ ಯುದ್ಧದಿಂದ ಓಡಿಬಂದವರಿಗಾಗಿ ಊರ ಹೊರಗೆ ಶಿಬಿರ ಎದ್ದಿತು. ಚಾಲಕರಿಗೆ ಪರಿಹಾರ ಸಂಸ್ಥೆಯಲ್ಲಿ ಕೆಲಸ ಸಿಕ್ಕಿತು. ಅವರ ಹಿಂದೆಯೇ ಐಸಕ್ಕನೂ ಸೇರಿದರು. ಅವರ ಮೊದಲ ಹುದ್ದೆ ಶೀತಲ ಕೋಣೆಯ ಶುಚಿಗಾರ್ತಿಯದು. ನೆಲ ಒರೆಸುವುದು, ಫ್ರೀಜರುಗಳಲ್ಲಿ ಕಟ್ಟಿದ ಹಿಮವನ್ನು ಕೆರೆದು ತೆಗೆಯುವುದು ಅವರ ಕೆಲಸ. ಒಂದು ದಿನ ದೊಡ್ಡ ಫ್ರೀಜರು ನಿಂತುಹೋಯಿತು. ರಾಜಧಾನಿಯಿಂದ ತಂತ್ರಜ್ಞ ಬರಲು ನಾಲ್ಕು ದಿನ ಬೇಕು ಎಂದು ಎಲ್ಲರೂ ಕೈಚೆಲ್ಲಿ ಕುಳಿತಿದ್ದಾಗ ಐಸಕ್ಕ ಒರೆಸುವ ಬಟ್ಟೆಯನ್ನು ಬಕೆಟ್ಟಿಗೆ ಹಾಕಿ, ಮನೆಯಿಂದ ಚೀಲ ತರಿಸಿ, ನಲವತ್ತು ನಿಮಿಷದಲ್ಲಿ ಅದನ್ನು ಓಡಿಸಿದರು. ಮರುದಿನದಿಂದ ಅವರು ‘ಸಹಾಯಕಿ’ಯಾದರು. ಐಸಿನ ಅಕ್ಕ, ಅಂದರೆ ‘ಐಸಕ್ಕ’ ಎಂಬ ಅಡ್ಡಹೆಸರು ಬಿದ್ದದ್ದೂ ಅಂದೇ. ಯಾರಿಗೆ ಸಹಾಯಕಿ ಎಂದು ನಾನು ಕೇಳಿದೆ. “ಅದೇ ತಮಾಷೆ. ಮೇಲೆ ಟೆಕ್ನಿಷಿಯನ್ ಅಂತ ಒಂದು ಹುದ್ದೆ ಇತ್ತು, ಅದರಲ್ಲಿ ಮನುಷ್ಯ ಇರಲಿಲ್ಲ. ಐದು ವರ್ಷ ನಾನು ಖಾಲಿ ಕುರ್ಚಿಗೆ ಸಹಾಯ ಮಾಡ್ದೆ.”

ಆ ಕುರ್ಚಿಯೇ ಅವರ ಗುರಿಯಾಗಿತ್ತು. ಅವರು ಅದನ್ನು ಮುಚ್ಚಿಟ್ಟುಕೊಂಡವರಲ್ಲ. ಸಂಸ್ಥೆಯಲ್ಲಿ ಟೆಕ್ನಿಷಿಯನ್ ಆದವರನ್ನು ಬೇರೆ ದೇಶಗಳ ಶಿಬಿರಗಳಿಗೂ ಕಳುಹಿಸುತ್ತಿದ್ದರು, ಸಹಾಯಕರನ್ನು ಅಲ್ಲ. ಓದು ಸಾಲದೆಂದು ಕೇಂದ್ರ ಕಚೇರಿ ಎರಡು ಸಲ ಅರ್ಜಿಯನ್ನು ತಿರುಗಿಸಿತ್ತು. ಮೂರನೆಯ ಸಲ ಶಿಬಿರದ ಮುಖ್ಯ ವೈದ್ಯೆ ಪಟ್ಟುಹಿಡಿದ ಮೇಲೆ ಒಂದು ಷರತ್ತು ಬಂತು. ಸಹಾಯಕಿಯ ಹೊಣೆಯಲ್ಲಿರುವ ಶೀತಲ ಕೋಣೆಯಿಂದ ಒಂದು ಲಸಿಕೆ ಅಭಿಯಾನ ನಿರ್ವಿಘ್ನವಾಗಿ ನಡೆದರೆ ಶಿಫಾರಸನ್ನು ಪರಿಗಣಿಸಲಾಗುವುದು, ಇಲ್ಲವಾದರೆ ಆ ಕಡತ ಮುಚ್ಚಿದಂತೆ.

ಈ ಮುಖ್ಯ ವೈದ್ಯೆ ಹೊರದೇಶದವರು. ನಮ್ಮ ಭಾಷೆಯನ್ನು ಪುಸ್ತಕದಿಂದ ಕಲಿತಿದ್ದರು. ಶಿಬಿರದಲ್ಲಿ ಎಲ್ಲರೂ ಅವರನ್ನು ಡಾಕ್ಟರಮ್ಮ ಎನ್ನುತ್ತಿದ್ದರು. ಅವರು ಯಾರನ್ನು ಗದರಿದರೂ ಅಧ್ಯಕ್ಷ ಭಾಷಣ ಕೇಳಿದಂತಾಗುತ್ತಿತ್ತಂತೆ.

ಅಭಿಯಾನದ ಅವಕಾಶ ೧೯೯೬ರ ಅಕ್ಟೋಬರಿನಲ್ಲಿ ಬಂತು, ಬರಬಾರದ ರೀತಿಯಲ್ಲಿ. ಶಿಬಿರದ ಮಕ್ಕಳಲ್ಲಿ ಗಂಟಲಮಾರಿ, ಅಂದರೆ ಡಿಫ್ತೀರಿಯಾ, ಕಾಣಿಸಿಕೊಂಡಿತು. ಹತ್ತೊಂಬತ್ತು ಮಕ್ಕಳು ಮಲಗಿದರು, ನಾಲ್ವರು ಉಳಿಯಲಿಲ್ಲ. ಬಂದರಿನ ದೊಡ್ಡ ಉಗ್ರಾಣದಿಂದ ಲಸಿಕೆ ತರಿಸಿ, ಅಕ್ಟೋಬರ್ ಒಂಬತ್ತರ ಬುಧವಾರ ಬೆಳಿಗ್ಗೆ ಹತ್ತಕ್ಕೆ ಹಾಕಲು ಆರಂಭಿಸುವುದೆಂದು ನಿಶ್ಚಯವಾಯಿತು.

ಇಲ್ಲಿ ಒಂದು ವಿವರಣೆ ಅಗತ್ಯ. ಕಾರ್ಖಾನೆಯಿಂದ ಮಗುವಿನ ತೋಳಿನವರೆಗೆ ಲಸಿಕೆಯನ್ನು ತಂಪಾಗಿಡುವ ವ್ಯವಸ್ಥೆಗೆ ಶೀತಲ ಸರಪಳಿ ಎನ್ನುತ್ತಾರೆ. ಲಸಿಕೆ ಬಿಸಿಯಾದರೆ ಕೆಡುತ್ತದೆ ಎಂಬುದು ಎಲ್ಲರಿಗೂ ಗೊತ್ತು. ಆದರೆ ಗಂಟಲಮಾರಿಯ ಲಸಿಕೆಯಂಥ ಕೆಲವು ಲಸಿಕೆಗಳು ಹೆಪ್ಪುಗಟ್ಟಿದರೂ ಕೆಡುತ್ತವೆ. ಕರಗಿದ ಮೇಲೆ ನೋಡಲು ಮೊದಲಿನಂತೆಯೇ ಇರುತ್ತವೆ, ಸಾಗಿಸುವ ಪೆಟ್ಟಿಗೆಯ ನಡುವೆ ಇರುವ ಥರ್ಮಾಮೀಟರು ಅಂಚಿನ ಸೀಸೆಗಳ ಗತಿಯನ್ನು ಹೇಳುವುದಿಲ್ಲ. ಆದ್ದರಿಂದ ಐಸ್ ಪ್ಯಾಕುಗಳನ್ನು ಫ್ರೀಜರಿನಿಂದ ತೆಗೆದ ತಕ್ಷಣ ಲಸಿಕೆಯ ಪಕ್ಕ ಇಡಬಾರದು. ಸ್ವಲ್ಪ ಹೊತ್ತು ಹೊರಗಿಟ್ಟು, ಅಲ್ಲಾಡಿಸಿದಾಗ ಒಳಗೆ ನೀರು ಕುಲುಕುವ ಸದ್ದು ಬಂದ ಮೇಲೆಯೇ ಇಡಬೇಕು.

ಹೆಪ್ಪುಗಟ್ಟಿದ ಲಸಿಕೆಯನ್ನು ಪತ್ತೆಹಚ್ಚಲು ಒಂದು ಪರೀಕ್ಷೆಯಿದೆ. ಅದೇ ಬ್ಯಾಚಿನ ಒಂದು ಸೀಸೆಯನ್ನು ಬೇಕೆಂದೇ ಗಟ್ಟಿಯಾಗಿ ಹೆಪ್ಪುಗಟ್ಟಿಸಿ ಕರಗಿಸಬೇಕು. ಅದನ್ನೂ ಅನುಮಾನದ ಸೀಸೆಯನ್ನೂ ಒಟ್ಟಿಗೆ ಕುಲುಕಿ ಪಕ್ಕಪಕ್ಕ ಇಟ್ಟು ಅರ್ಧ ಗಂಟೆ ನೋಡಬೇಕು. ಹೆಪ್ಪುಗಟ್ಟಿದ್ದರ ಗಸಿ ಬೇಗ ತಳಕ್ಕಿಳಿಯುತ್ತದೆ. ಒಮ್ಮೆ ಬಂದಿದ್ದ ತರಬೇತುದಾರರೊಬ್ಬರು ಇದನ್ನು ತೋರಿಸಿ ಹೋಗಿದ್ದರು, ಉಳಿದವರು ಅಂದೇ ಮರೆತರು. ಐಸಕ್ಕ ಮಾತ್ರ ಅಂದಿನಿಂದ ಬರುವ ಪ್ರತಿ ಬ್ಯಾಚಿನಲ್ಲೂ ಒಂದು ಸೀಸೆಯನ್ನು ಮೊದಲೇ ಹೆಪ್ಪುಗಟ್ಟಿಸಿ, ಕುತ್ತಿಗೆಗೆ ಕರಿದಾರ ಕಟ್ಟಿ, ಫ್ರಿಜ್ಜಿನ ಕೆಳಗಿನ ಖಾನೆಯಲ್ಲಿಡುತ್ತಿದ್ದರು. ಅವುಗಳಿಗೆ ಅವರು ಇಟ್ಟ ಹೆಸರು ‘ಸತ್ತ ಸೀಸೆ’. ಶಿಬಿರದ ಉಗ್ರಾಣದ ಮೇಲ್ವಿಚಾರಕರಿಗೆ ಇದು ಕಣ್ಣುರಿ. “ಒಳ್ಳೇ ಲಸಿಕೆ ಕೊಂದು ಕರಿದಾರ ಕಟ್ತಾಳೆ, ಮಾಟ ಮಾಡೋಳ ಹಾಗೆ,” ಎಂದು ಅವರು ಡಾಕ್ಟರಮ್ಮನಿಗೆ ದೂರಿದ್ದರು. ಡಾಕ್ಟರಮ್ಮ ಸೀಸೆಗಳನ್ನು ತೆಗೆಸಲಿಲ್ಲ.

ಮೇಲ್ವಿಚಾರಕರು ಈಗ ತೀರಿಕೊಂಡಿದ್ದಾರೆ. ಆ ಬೆಳಗಿನ ಅವರ ಮಾತುಗಳನ್ನು ಗಂಡ ಹೆಂಡತಿ ಇಬ್ಬರೂ ಬೇರೆಬೇರೆ ದಿನ, ಬೇರೆಬೇರೆ ಕೋಣೆಯಲ್ಲಿ ಒಂದೇ ಬಗೆಯಾಗಿ ಹೇಳಿದ್ದರಿಂದ ಇಲ್ಲಿ ಸೇರಿಸಿದ್ದೇನೆ.

ಬುಧವಾರ ಬೆಳಿಗ್ಗೆ ಏಳೂವರೆಗೆ ವ್ಯಾನು ಬಂತು. ಅದರಲ್ಲಿ ಆರು ಪೆಟ್ಟಿಗೆಗಳು. ಚಾಲಕರು ಎದೆಯುಬ್ಬಿಸಿಕೊಂಡು ಇಳಿದರು.

“ಹೋದ ಸಲ ನೀರಾದ ಐಸ್ ತಂದೆ ಅಂತ ಎಲ್ಲರೆದುರು ನನ್ನ ಮಾನ ಕಳೆದೆಯಲ್ಲ? ಈಗ ಮುಟ್ಟಿ ನೋಡು. ಕಲ್ಲು! ಕಲ್ಲಿನ ಹಾಗಿದೆ!”

ಐಸಕ್ಕ ಮೊದಲ ಪೆಟ್ಟಿಗೆಯಿಂದ ಒಂದು ಪ್ಯಾಕನ್ನು ತೆಗೆದು ಕಿವಿಯ ಬಳಿ ಅಲ್ಲಾಡಿಸಿದರು. ಸದ್ದಿಲ್ಲ. ಇನ್ನೊಂದನ್ನು ತೆಗೆದರು, ಅದರಲ್ಲೂ ಇಲ್ಲ.

“ಇದನ್ನ ಬಂದರಲ್ಲೇ ಹೀಗೆ ತುಂಬಿದ್ರಾ?”

“ಅವರು ತುಂಬಿದ್ದು ಆಗಲೇ ಬೆವರ್ತಿತ್ತು ಕಣೇ. ನಡುದಾರೀಲಿ ಆಸ್ಪತ್ರೆ ಇದೆಯಲ್ಲ, ಅಲ್ಲಿ ಕೇಳಿ, ಫ್ರೀಜರ್‌ನಿಂದ ಹಾಗೇ ತೆಗೆದು ನಾನೇ ಬದಲಾಯಿಸಿದೆ. ಶಭಾಷ್ ಅನ್ನು.”

“ಶಭಾಷ್. ಲಸಿಕೆ ಪ್ರಾಣ ತೆಗೆದಿದೀರಾ.”

ಚಾಲಕರ ಮುಖ ಇಳಿಯಿತು. ಬಿಸಿಯಾಗಬಾರದು ಎಂದು ಹೆಂಡತಿಯಿಂದಲೇ ಬೈಸಿಕೊಂಡವರು ತಂಪು ಹೆಚ್ಚಾದಷ್ಟೂ ಒಳ್ಳೆಯದು ಎಂದುಕೊಂಡಿದ್ದರು. ಅವರು ದನಿ ತಗ್ಗಿಸಿ ಕೇಳಿದ ಮಾತನ್ನು ನನಗೆ ಅವರೇ ಹೇಳಿದರು, ಹೇಳುವಾಗ ನಾಲಿಗೆ ಕಚ್ಚಿಕೊಂಡರು: “ಥರ್ಮಾಮೀಟರ್ ನಾಲ್ಕು ಡಿಗ್ರಿ ತೋರಿಸ್ತಿದೆ. ನಿನ್ನ ಕಾಗದ ಇವತ್ತೇ ಹೋಗೋದು. ಯಾರಿಗೆ ಗೊತ್ತಾಗುತ್ತೆ?”

“ನನಗೆ ಗೊತ್ತಾಯ್ತಲ್ಲ. ಸಾಲದಾ?” ಎಂದು ಐಸಕ್ಕ ನೇರ ಡಾಕ್ಟರಮ್ಮನ ಕೋಣೆಗೆ ನಡೆದರು. ಶಿಫಾರಸು ಪತ್ರ ಟೈಪಾಗಿ ಮೇಜಿನ ಮೇಲಿತ್ತು. ಅಭಿಯಾನದ ಮೊದಲ ದಿನ ಸುಸೂತ್ರವಾಗಿ ಮುಗಿದರೆ ಸಂಜೆಯ ಅಂಚೆಗೆ ಅದು ಹೊರಡಬೇಕಿತ್ತು.

“ಅಮ್ಮ, ಇವತ್ತು ಈ ಲಸಿಕೆ ಹಾಕಬಾರದು.”

ಹಿಂದೆಯೇ ಓಡಿಬಂದ ಮೇಲ್ವಿಚಾರಕರು, “ನಾಲ್ಕು ಡಿಗ್ರಿ ಇದೆ ಡಾಕ್ಟರೇ, ನಾನೇ ನೋಡ್ದೆ! ಹೊರಗೆ ಎರಡು ಸಾವಿರ ತಾಯಂದಿರು ಸಾಲಲ್ಲಿ ನಿಂತಿದಾರೆ. ಇವಳ ಕಿವಿ ನಂಬ್ಕೊಂಡು ವಾಪಸ್ ಕಳಿಸೋಣ್ವಾ?” ಎಂದರು.

ಡಾಕ್ಟರಮ್ಮ ಕನ್ನಡಕ ತೆಗೆದರು. “ನೀವು ಖಚಿತವಾಗಿ ಹೇಳುತ್ತಿರುವಿರಾ?”

“ಖಚಿತವಾಗೇ ಹೇಳ್ತಿರುವೆ,” ಎಂದರು ಐಸಕ್ಕ, ಅವರದೇ ಧಾಟಿಯಲ್ಲಿ. “ಆದರೆ ನನ್ನ ಮಾತು ನಂಬಬೇಡಿ. ಅರ್ಧ ಗಂಟೆ ಕೊಡಿ, ಸೀಸೆನೇ ಹೇಳುತ್ತೆ. ಈ ಬ್ಯಾಚಿನ ಮೊದಲ ಕಂತು ಹೋದ ತಿಂಗಳೇ ಬಂದಿತ್ತು. ಅದರಲ್ಲಿ ಒಂದು ಸತ್ತ ಸೀಸೆ ನನ್ನ ಹತ್ರ ಇದೆ.”

ಹೆಪ್ಪುಗಟ್ಟಿಸಿದ ಸೀಸೆ ಮೊದಲೇ ಸಿದ್ಧವಿರದಿದ್ದರೆ ಪರೀಕ್ಷೆಗೆ ಒಂದು ದಿನ ಕಾಯಬೇಕಾಗುತ್ತಿತ್ತು, ಅಷ್ಟರಲ್ಲಿ ಲಸಿಕೆ ಹಾಕಿ ಮುಗಿದಿರುತ್ತಿತ್ತು. ಡಾಕ್ಟರಮ್ಮ ಎದ್ದು ಶೀತಲ ಕೋಣೆಗೆ ಬಂದರು.

ಐಸಕ್ಕ ಆರೂ ಪೆಟ್ಟಿಗೆಗಳ ಅಂಚಿನಿಂದ ಒಂದೊಂದು ಸೀಸೆಯನ್ನು ತೆಗೆದರು. ಸತ್ತ ಸೀಸೆಯನ್ನೂ ಸೇರಿಸಿ ಏಳನ್ನೂ ಒಂದು ತಟ್ಟೆಯಲ್ಲಿ ಹಿಡಿದು ಕುಲುಕಿ ಕಿಟಕಿಯ ಕಟ್ಟೆಯ ಮೇಲೆ ಸಾಲಾಗಿ ನಿಲ್ಲಿಸಿದರು. ಏಳರ ಬಣ್ಣವೂ ತೆಳು ಹಾಲಿನಂತೆ ಒಂದೇ. ಗಡಿಯಾರದಲ್ಲಿ ಎಂಟು ಹತ್ತು.

“ಏನಮ್ಮ, ಎಲ್ಲಾ ಒಂದೇ ಥರ ಇದೆಯಲ್ಲ?” ಎಂದರು ಮೇಲ್ವಿಚಾರಕರು.

“ಅಣ್ಣ, ಹುಟ್ಟಿದ ಮಕ್ಕಳೂ ಮೊದಲು ಒಂದೇ ಥರ ಇರ್ತಾವೆ. ಸ್ವಲ್ಪ ಹೊತ್ತು ತಡೀರಿ.”

ಕಾಯುವಾಗ ಭಯವಾಗಲಿಲ್ಲವೇ ಎಂದು ನಾನು ಕೇಳಿದೆ. “ಸೀಸೆ ಬಗ್ಗೆ ಇಲ್ಲ. ಪ್ಯಾಕ್ ಕಿವಿ ಹತ್ರ ಹಿಡಿದಾಗಲೇ ಅದು ಮುಗಿದಿತ್ತು. ಕುರ್ಚಿ ಹೋಯ್ತಲ್ಲ ಅಂತ ಅನ್ನಿಸ್ತು. ಒಂದು ಸಲ. ಆಮೇಲೆ ಗಸಿ ನೋಡ್ತಾ ಕೂತೆ.”

ಹತ್ತನೆಯ ನಿಮಿಷಕ್ಕೆ ಕರಿದಾರದ ಸೀಸೆಯಲ್ಲಿ ಮೇಲಿನ ನೀರು ತಿಳಿಯಾಗತೊಡಗಿತು. ಅದರ ಜೊತೆಗೇ ಒಂದು, ಎರಡು, ಮೂರು, ನಾಲ್ಕನೆಯ ಪೆಟ್ಟಿಗೆಗಳ ಸೀಸೆಗಳಲ್ಲೂ ಗಸಿ ಇಳಿಯಿತು. ಅರ್ಧ ಗಂಟೆಯಾದಾಗ ಅವುಗಳ ತಳದಲ್ಲಿ ದಪ್ಪ ಬಿಳಿ ಪದರವೂ ಮೇಲೆ ತಿಳಿನೀರೂ ಇದ್ದವು. ಐದು ಮತ್ತು ಆರನೆಯ ಸೀಸೆಗಳು ಮಾತ್ರ ಕದಡಿದಂತೆಯೇ ಉಳಿದವು. ಮೇಲ್ವಿಚಾರಕರು ಬಗ್ಗಿ ನೋಡಿದರು, ಎದ್ದು ನಿಂತರು, ಮತ್ತೆ ಬಗ್ಗಿದರು. “ನನ್ನ ಕಣ್ಣೇ ಸರಿಯಿಲ್ವೇನೋ,” ಎಂದರು. “ಕಣ್ಣು ಸರಿಯಾಗೇ ಇದೆ ಅಣ್ಣ, ಈಗ ಬಿಟ್ಟಿದೀರಾ ಅಷ್ಟೇ,” ಎಂದರು ಐಸಕ್ಕ.

“ಎರಡು ಪೆಟ್ಟಿಗೆಗಳು ಹೇಗೆ ಪಾರಾದವು?” ಡಾಕ್ಟರಮ್ಮ ಕೇಳಿದರು.

ಬಾಗಿಲಲ್ಲಿ ನಿಂತಿದ್ದ ಚಾಲಕರು ಮುಂದೆ ಬಂದರು. “ಆಸ್ಪತ್ರೆಯವರು ನಾಲ್ಕಕ್ಕೆ ಆಗೋಷ್ಟೇ ಐಸ್ ಕೊಟ್ರು ಅಮ್ಮ. ಇನ್ನೂ ಕೊಡಿ ಅಂತ ಜಗಳ ಆಡ್ದೆ, ಕೊಡಲಿಲ್ಲ. ತಪ್ಪು ನಂದೇ. ಇವಳಿಗೆ ಗೊತ್ತಿರಲಿಲ್ಲ.”

“ತಪ್ಪಲ್ಲಿ ನನ್ನದೂ ಪಾಲಿದೆ,” ಎಂದರು ಐಸಕ್ಕ. “ತಣ್ಣಗಿರಲಿ ಅಂತ ಬೈದೆ. ಎಷ್ಟು ತಣ್ಣಗೆ ಅಂತ ಹೇಳಿಕೊಡಲಿಲ್ಲ. ಡ್ರೈವರ್‌ಗೆ ಯಾಕೆ ಅಂತ ಯಾರೂ ಹೇಳಿಕೊಟ್ಟಿಲ್ಲ.”

ಡಾಕ್ಟರಮ್ಮ ಅಲ್ಲೇ ನಿರ್ಧರಿಸಿದರು. ನಾಲ್ಕು ಪೆಟ್ಟಿಗೆಗಳನ್ನು ತಿರಸ್ಕರಿಸಬೇಕು. ಉಳಿದ ಎರಡರ ಲಸಿಕೆಯನ್ನು ರೋಗ ಕಾಣಿಸಿಕೊಂಡ ಗುಡಾರದ ಸಾಲುಗಳ ಮಕ್ಕಳಿಗೆ ಮೊದಲು ಹಾಕಬೇಕು. ಮಿಕ್ಕವರು ಶನಿವಾರ ಹೊಸ ಸರಕು ಬರುವವರೆಗೆ ಕಾಯಬೇಕು. ಹತ್ತು ಗಂಟೆಗೆ ಸಾಲಿನ ಮುಂದೆ ನಿಂತು ತಾಯಂದಿರಿಗೆ ಇದನ್ನು ಹೇಳಿದವರು ಐಸಕ್ಕನೇ. ಒಬ್ಬಾಕೆ ಮಗುವನ್ನು ಸೊಂಟಕ್ಕೇರಿಸಿಕೊಂಡು, “ಬಿಸಿಲಲ್ಲಿ ಎರಡು ಗಂಟೆ ನಿಲ್ಲಿಸಿ ಈಗ ಹೋಗು ಅಂತೀರಾ?” ಎಂದು ರೇಗಿದಳು. “ಹೌದವ್ವ. ಬರೀ ಸೂಜಿ ಚುಚ್ಚಿ ಕಳಿಸೋಕೆ ನನಗೆ ಮನಸ್ಸು ಬರಲಿಲ್ಲ. ಶನಿವಾರ ಬಾ. ನಿನ್ನ ಮಗೂನ ನಾನೇ ಎತ್ಕೊಂಡು ಸಾಲಿನ ಮುಂದೆ ನಿಲ್ತೀನಿ,” ಎಂದು ಐಸಕ್ಕ ಅವಳ ಗುಡಾರದ ಸಂಖ್ಯೆಯನ್ನು ಕೇಳಿ ಅಂಗೈ ಮೇಲೆ ಬರೆದುಕೊಂಡರು. ಶನಿವಾರ ಹಾಗೆಯೇ ಮಾಡಿದರು. ಗಂಟಲಮಾರಿ ಆ ತಿಂಗಳು ಇನ್ನೂ ಆರು ಮಕ್ಕಳಿಗೆ ಬಂತು, ಆರೂ ಮಕ್ಕಳು ಉಳಿದರು. ಶಿಬಿರದ ದಾಖಲೆಗಳಲ್ಲಿ ನಾನು ಇದನ್ನು ಪರಿಶೀಲಿಸಿದ್ದೇನೆ.

ಚಾಲಕರಿಗೆ ಲಿಖಿತ ಎಚ್ಚರಿಕೆ ಬಂತು. ಅದನ್ನು ಅವರು ಈಗಲೂ ಪ್ಲಾಸ್ಟಿಕ್ ಚೀಲದಲ್ಲಿ ಜೋಪಾನವಾಗಿಟ್ಟುಕೊಂಡಿದ್ದಾರೆ. “ಇಪ್ಪತ್ತಾರು ವರ್ಷದಲ್ಲಿ ಒಂದೇ. ಮೆಡಲ್ ಇದ್ದ ಹಾಗೆ,” ಎನ್ನುತ್ತಾರೆ. ಮುಂದಿನ ವಾರ ಐಸಕ್ಕ ಹದಿನೇಳು ಚಾಲಕರನ್ನು ಶೀತಲ ಕೋಣೆಗೆ ಕರೆಸಿ, ಒಬ್ಬೊಬ್ಬರ ಕೈಗೂ ಒಂದೊಂದು ಪ್ಯಾಕ್ ಕೊಟ್ಟು, ನೀರಿನ ಸದ್ದು ಬರುವವರೆಗೆ ಕಿವಿಗೆ ಹಿಡಿದು ನಿಲ್ಲಿಸಿದರು. ಅವರು ನಡೆಸಿದ ಮೊದಲ ತರಬೇತಿ ಅದು. ಅನಂತರದ ಇಪ್ಪತ್ತು ವರ್ಷಗಳಲ್ಲಿ ಟೆಕ್ನಿಷಿಯನ್, ಶೀತಲ ಸರಪಳಿ ಅಧಿಕಾರಿ, ಕೊನೆಗೆ ಪ್ರಾದೇಶಿಕ ತರಬೇತುದಾರರು ಎಂಬ ಹುದ್ದೆಗಳಲ್ಲಿ ಅವರು ಒಂಬತ್ತು ದೇಶಗಳಲ್ಲಿ ಕೆಲಸ ಮಾಡಿದರು. ಎಲ್ಲೆಡೆಯೂ ಪಾಠವನ್ನು ವೈದ್ಯರಿಂದಲ್ಲ, ಚಾಲಕರಿಂದ ಆರಂಭಿಸಿದರು.

ಕುರ್ಚಿ ಹೋಯಿತೆಂದು ಅವರು ಅಂದುಕೊಂಡಿದ್ದ ಆ ಬುಧವಾರದ ಸಂಜೆ ಏನಾಯಿತೆಂಬುದು ಐಸಕ್ಕನಿಗೆ ಪೂರ್ತಿಯಾಗಿ ಗೊತ್ತಿರಲಿಲ್ಲ. ನಾನು ಡಾಕ್ಟರಮ್ಮನಿಗೆ ಪತ್ರ ಬರೆದೆ. ಈಗ ಎಂಬತ್ತೊಂದರ ಅವರು ಎರಡು ಪುಟಗಳ ಉತ್ತರವನ್ನೂ ಶಿಫಾರಸಿನ ನಕಲನ್ನೂ ಕಳುಹಿಸಿದರು. ಟೈಪಾಗಿದ್ದ ಪತ್ರವನ್ನು ಹರಿದುಹಾಕಿ ಅವರು ಕೈಬರಹದಲ್ಲಿ ಹೊಸದನ್ನು ಬರೆದಿದ್ದರು: ‘ತಾವು ವಿಧಿಸಿದ ಷರತ್ತು ಪೂರೈಸಿಲ್ಲ. ಅಭಿಯಾನಕ್ಕೆ ವಿಘ್ನ ಬಂದಿದೆ. ವಿಘ್ನವನ್ನು ತಂದವರು ಈ ಸಹಾಯಕಿಯೇ. ತರದೆ ಇದ್ದಿದ್ದರೆ ನಾವು ಸಾವಿರಕ್ಕೂ ಹೆಚ್ಚು ಮಕ್ಕಳಿಗೆ ನಿರರ್ಥಕವಾದ ನೀರನ್ನು ಚುಚ್ಚಿ ಅವರು ಸುರಕ್ಷಿತರೆಂದು ಬರೆದುಕೊಳ್ಳುತ್ತಿದ್ದೆವು. ಆದ್ದರಿಂದ ನಾನು ಶಿಫಾರಸು ಮಾಡುತ್ತೇನೆ.’

ಕೇಂದ್ರ ಕಚೇರಿಯ ಉತ್ತರಕ್ಕೆ ಏಳು ವಾರ ಹಿಡಿಯಿತು. ನೇಮಕಾತಿ ಆದೇಶದ ಪ್ರತಿಯನ್ನು ಈ ಸಂಗ್ರಹದ ಅನುಬಂಧಕ್ಕೆ ಸೇರಿಸಿದ್ದೇನೆ. ಹುದ್ದೆ: ಶೀತಲ ಸರಪಳಿ ಟೆಕ್ನಿಷಿಯನ್. ಆದೇಶದ ದಿನಾಂಕ: ೧೯೯೬ರ ನವೆಂಬರ್ ೨೭. ನೇಮಕ ಜಾರಿಗೆ ಬಂದ ದಿನಾಂಕ: ೧೯೯೬ರ ಅಕ್ಟೋಬರ್ ೯, ಬುಧವಾರ.